ಪುಟ್ಟ ವಿಮಾನ ಹತ್ತುವ ಮುನ್ನ

ಕಾಲೇಜಿನಿಂದ ಬಂದ ಮಗಳು ಬ್ಯಾಗನ್ನು ಸೋಫಾದ ಮೇಲೆ ಎಸೆದು, ‘ಅಮ್ಮಾ, ಇದಕ್ಕೊಂದು ಸೈನ್ ಬೇಕು’ ಎಂದು ಕಾಗದವೊಂದನ್ನು ಮುಂದಿಡುತ್ತಾಳೆ. ಪ್ರವಾಸದ್ದೋ ಫೀಸಿನದ್ದೋ ಇರಬೇಕೆಂದು ಒಲೆಯ ಮುಂದೆ ನಿಂತುಕೊಂಡೇ ಕಣ್ಣು ಹಾಯಿಸುತ್ತೀರಿ. ಎನ್‌ಸಿಸಿ ಏರ್ ವಿಂಗ್‌ನವರು ಅವಳನ್ನು ವಿಮಾನದಲ್ಲಿ ಹಾರಿಸುತ್ತಾರಂತೆ, ಅದಕ್ಕೆ ಪೋಷಕರ ಒಪ್ಪಿಗೆ ಬೇಕಂತೆ! ಸಾರು ತಿರುವುತ್ತಿದ್ದ ಸೌಟು ಅಲ್ಲೇ ನಿಲ್ಲುತ್ತದೆ, ಅಲ್ಲವೇ?

ನಮ್ಮ ಮನೆಯಲ್ಲಿ ಆ ಕಾಗದ ತಂದವಳು ನನ್ನ ಅಕ್ಕನ ಮಗಳು. ಅಕ್ಕ ಭಾವ ಹಾಸನದಲ್ಲಿದ್ದಾರೆ. ಹುಡುಗಿ ಡಿಗ್ರಿ ಓದಲೆಂದು ಬೆಂಗಳೂರಿನಲ್ಲಿ ನಮ್ಮ ಜೊತೆ ಇದ್ದಾಳೆ. ಭಾವ ಮರುಮಾತಾಡದೆ ಸಹಿ ಹಾಕಿ ಕಳಿಸಿದರು. ಅಕ್ಕ ಮಾತ್ರ ಫೋನಿನಲ್ಲಿ, ‘ನೋಡೇ, ನೀನು ಹೂಂ ಅಂದಿದ್ದಕ್ಕೆ ಅವಳು ಕುಣೀತಿರೋದು. ಏನಾದ್ರೂ ಆದ್ರೆ ನಿನ್ನನ್ನೇ ಕೇಳೋದು ನಾನು’ ಎಂದಳು. ಆ ರಾತ್ರಿ ನನಗೂ ನಿದ್ದೆ ಹತ್ತಲಿಲ್ಲ.

ಮೊದಲು ಆ ವಿಮಾನ ಎಂಥದ್ದೆಂದು ತಿಳಿದುಕೊಳ್ಳಿ, ಅರ್ಧ ಭಯ ಅಲ್ಲೇ ಇಳಿಯುತ್ತದೆ. ಎನ್‌ಸಿಸಿ ಶುರುವಾಗಿದ್ದು 1948ರಲ್ಲಿ. ಮರುವರ್ಷವೇ ಹುಡುಗಿಯರ ವಿಭಾಗ ಬಂತು, 1950ರಲ್ಲಿ ಏರ್ ವಿಂಗ್. ಅಂದರೆ ಇದು ನಿನ್ನೆ ಮೊನ್ನೆ ಹುಟ್ಟಿದ ಹುಚ್ಚಲ್ಲ. ಕೆಡೆಟ್‌ಗಳನ್ನು ಹಾರಿಸುವುದು ಮೈಕ್ರೋಲೈಟ್ ಎನ್ನುವ ಹಗುರ ವಿಮಾನದಲ್ಲಿ. ಮೊದಲು ಝೆನ್ ಏರ್ ಎಂಬ ವಿಮಾನಗಳಿದ್ದವು. ಆಮೇಲೆ ಸ್ಲೊವೇನಿಯಾ ದೇಶದ ಪಿಪಿಸ್ಟ್ರೆಲ್ ಕಂಪನಿಯ ‘ವೈರಸ್ ಎಸ್‌ಡಬ್ಲ್ಯು-80’ ಬಂತು. (ಈ ಹೆಸರನ್ನು ಅಕ್ಕನಿಗೆ ಹೇಳಿ ನಾನು ಪಟ್ಟ ಪಾಡು ಬೇಡ, ನೀವು ‘ಮೈಕ್ರೋಲೈಟ್’ ಅಂದಷ್ಟೇ ಹೇಳಿ!) ಎರಡೇ ಸೀಟು, ಅಕ್ಕಪಕ್ಕ. ಒಂದರಲ್ಲಿ ನಿಮ್ಮ ಮಗಳು, ಇನ್ನೊಂದರಲ್ಲಿ ವಾಯುಪಡೆಯ ಪೈಲಟ್. ಖಾಲಿ ವಿಮಾನದ ತೂಕ ಸುಮಾರು 300 ಕಿಲೋ, ನಮ್ಮ ಹಳೆಯ ಮಾರುತಿ 800 ಕಾರಿನ ಅರ್ಧದಷ್ಟೂ ಇಲ್ಲ. ರೆಕ್ಕೆ ತಲೆಯ ಮೇಲ್ಗಡೆ ಇರುವುದರಿಂದ ಕೆಳಗಿನ ಕೆರೆ, ತೋಟ, ರಸ್ತೆ ಎಲ್ಲ ಚೆನ್ನಾಗಿ ಕಾಣುತ್ತದೆ. ತೀರಾ ಆಪತ್ತಿನ ಹೊತ್ತಿಗೆಂದು ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಚೂಟ್ ಕೂಡ ಈ ವಿಮಾನದಲ್ಲಿದೆ. ಇದನ್ನು ಕೇಳಿದ ಮೇಲೇ ಅಕ್ಕನ ದನಿ ಸ್ವಲ್ಪ ತಗ್ಗಿದ್ದು.

ಹೀಗೆ ವಿಮಾನದ ಚಿಂತೆ ಮುಗಿಯಿತು. ನಾನು ಎಡವಿದ್ದು ಬೇರೆ ಕಡೆ.

ಅವಳ ಸರದಿ ಬಂದ ಮೊದಲ ದಿನ ಮಂಜು ಮುಸುಕಿತ್ತು. ಎರಡು ಗಂಟೆ ಕಾಯಿಸಿ, ಹಾರಾಟ ರದ್ದು ಎಂದು ವಾಪಸ್ ಕಳಿಸಿದರು. ಹುಡುಗಿಯ ಮುಖ ನೋಡಲಾಗಲಿಲ್ಲ. ಹತ್ತು ದಿನ ಬಿಟ್ಟು ಮತ್ತೆ ಸರದಿ ಬಂತು. ಹಿಂದಿನ ದಿನದಿಂದ ಅವಳಿಗೆ ಸೀನು, ಮೂಗು ಕಟ್ಟಿದೆ. ‘ಚಿಕ್ಕಮ್ಮ, ಈ ಸಲಾನೂ ತಪ್ಪಿದ್ರೆ ನನ್ನ ಹೆಸರೇ ಬಿಟ್ಟುಬಿಡ್ತಾರೆ’ ಎಂದಳು. ಶುಂಠಿ ಕಷಾಯ ಕುಡಿಸಿ, ‘ಏನೂ ಆಗಲ್ಲ, ಹೋಗ್ಬಾ’ ಎಂದು ಕಳಿಸಿದವಳು ನಾನೇ. ಹತ್ತುವ ಮೊದಲು ಅಲ್ಲಿ ‘ಯಾರಿಗಾದರೂ ನೆಗಡಿ ಇದೆಯಾ?’ ಎಂದು ಕೇಳಿದ್ದಾರೆ. ಇವಳು ‘ನೋ ಸರ್’ ಅಂದಿದ್ದಾಳೆ.

ಏರುವಾಗ ಏನೂ ಆಗಲಿಲ್ಲ. ಇಳಿಯುವಾಗ ಬಲಗಿವಿಗೆ ಸೂಜಿ ಚುಚ್ಚಿದ ಹಾಗೆ ನೋವು. ಪಕ್ಕದಲ್ಲಿದ್ದ ಅಧಿಕಾರಿಗೆ ಹೇಳಲು ನಾಚಿಕೆ, ಯಾಕೆಂದರೆ ಸುಳ್ಳು ಹೇಳಿ ಹತ್ತಿದ್ದಳಲ್ಲ! ಸಂಜೆ ಕಿವಿಯ ಮೇಲೆ ಅಂಗೈ ಒತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಕಿವಿ ಡಾಕ್ಟರು ನೋಡಿ, ತಮಟೆ ಕೆಂಪಾಗಿದೆ, ತೂತು ಬಿದ್ದಿಲ್ಲ ಎಂದಾಗಲೇ ನನಗೆ ಉಸಿರು ಬಂದದ್ದು. ಅಕ್ಕನಿಗೆ ಈ ವಿಷಯ ಹೇಳಲು ನಾಲ್ಕು ದಿನ ಹಿಡಿಯಿತು.

ಡಾಕ್ಟರು ಹೇಳಿದ್ದನ್ನು ಸರಳವಾಗಿ ಹೇಳುತ್ತೇನೆ, ಕೇಳಿ. ಮೂಗಿನ ಹಿಂಭಾಗದಿಂದ ಕಿವಿಯೊಳಕ್ಕೆ ಸಣ್ಣದೊಂದು ನಳಿಕೆ ಇದೆ. ಮೇಲೇರುವಾಗ ಹೊರಗಿನ ಒತ್ತಡ ಕಡಿಮೆಯಾಗಿ, ಕಿವಿಯೊಳಗಿನ ಗಾಳಿ ಅದರ ಮೂಲಕ ತಾನಾಗಿಯೇ ಹೊರಬರುತ್ತದೆ. ಇಳಿಯುವಾಗ ಗಾಳಿ ಒಳಗೆ ಹೋಗಬೇಕು. ನೆಗಡಿಯಿಂದ ನಳಿಕೆ ಊದಿಕೊಂಡಿದ್ದರೆ ಹೋಗುವುದಿಲ್ಲ, ತಮಟೆ ಒಳಕ್ಕೆ ಎಳೆದುಕೊಳ್ಳುತ್ತದೆ. ದೊಡ್ಡ ವಿಮಾನಗಳ ಒಳಗೆ ಗಾಳಿಯ ಒತ್ತಡ ಕಾಯುವ ವ್ಯವಸ್ಥೆ ಇರುತ್ತದೆ, ಈ ಪುಟ್ಟ ವಿಮಾನದಲ್ಲಿ ಅದಿಲ್ಲ. ಆದ್ದರಿಂದ ಮೂಗು ಕಟ್ಟಿದ್ದರೆ ಆ ದಿನ ಹಾರಾಟ ಬೇಡವೇ ಬೇಡ. ಕಷಾಯ, ವಿಕ್ಸ್ ಹಚ್ಚಿ ಕಳಿಸುವ ನನ್ನಂಥ ಜಾಣತನವೂ ಬೇಡ.

ಮೂಗು ಸಲೀಸಾಗಿರುವವರಿಗೂ ಇಳಿಯುವಾಗ ಕಿವಿ ಸ್ವಲ್ಪ ಗಡುಸಾಗಬಹುದು. ಎಂಜಲು ನುಂಗುವುದು, ದೊಡ್ಡದಾಗಿ ಆಕಳಿಸುವುದು ಸಾಕಾಗುತ್ತದೆ. ಅದರಿಂದಲೂ ಬಿಡದಿದ್ದರೆ ಬಾಯಿ ಮುಚ್ಚಿ, ಮೂಗು ಹಿಡಿದು ಮೆಲ್ಲಗೆ ಉಸಿರು ಒತ್ತುವುದು. ಮೆಲ್ಲಗೆ ಎನ್ನುವುದನ್ನು ಎರಡು ಸಲ ಹೇಳಿ, ಈ ವಯಸ್ಸಿನವರು ಎಲ್ಲವನ್ನೂ ಜೋರಾಗಿಯೇ ಮಾಡುತ್ತಾರೆ. ಟಿವಿ ನೋಡುತ್ತಾ ಕುಳಿತಾಗಲೇ ಅಭ್ಯಾಸ ಮಾಡಿಸಬಹುದು.

ಹೊಟ್ಟೆಗೆ ಏನು ಕೊಡಬೇಕು?

ಇದು ನಮ್ಮ ಇಲಾಖೆ! ದೊಡ್ಡ ದಿನವೆಂದು ಬೆಳಿಗ್ಗೆ ಪೂರಿ-ಸಾಗು, ಮಸಾಲೆ ದೋಸೆ, ಮೇಲೊಂದು ಲೋಟ ಹಾಲು ಕೊಟ್ಟರೆ ಅದು ಮೇಲೆ ಹೋಗಿ ವಾಪಸ್ ಬರುತ್ತದೆ. ಹಾಗೆಂದು ಖಾಲಿ ಹೊಟ್ಟೆಯೂ ಒಳ್ಳೆಯದಲ್ಲ, ತಲೆ ಸುತ್ತು ಬೇಗ ಬರುತ್ತದೆ. ಹೊರಡುವ ಒಂದೂವರೆ ಎರಡು ಗಂಟೆ ಮೊದಲು ಎರಡು ಇಡ್ಲಿ, ಚಟ್ನಿ ಬೇಡ ಎನ್ನುವವರಿಗೆ ಸಕ್ಕರೆ ಜೊತೆ, ಇಲ್ಲವೇ ಬ್ರೆಡ್ಡು ಬಾಳೆಹಣ್ಣು ಸಾಕು. ಬಸ್ಸಿನಲ್ಲಿ ವಾಂತಿಯಾಗುವ ಮಗಳಿದ್ದರೆ ಅವೋಮಿನ್ ಮಾತ್ರೆ ನೆನಪಾಗುವುದು ಸಹಜ. ಆದರೆ ಅದರಿಂದ ತೂಕಡಿಕೆ ಬರುತ್ತದೆ, ಡಾಕ್ಟರನ್ನೂ ಎನ್‌ಸಿಸಿ ಅಧಿಕಾರಿಯನ್ನೂ ಕೇಳದೆ ಕೊಡಬೇಡಿ.

ಹೊಟ್ಟೆ ತೊಳಸುವುದು ಯಾಕೆ ಗೊತ್ತೇ? ಕಿವಿಯೊಳಗಿನ ಸಮತೋಲನದ ಅಂಗ ‘ಅಲ್ಲಾಡುತ್ತಿದ್ದೇವೆ’ ಎನ್ನುತ್ತದೆ, ಮಡಿಲನ್ನೋ ಮುಂದಿನ ಮೀಟರುಗಳನ್ನೋ ನೋಡುತ್ತಿರುವ ಕಣ್ಣು ‘ಇಲ್ಲ, ಕೂತಿದ್ದೇವೆ’ ಎನ್ನುತ್ತದೆ. ಎರಡಕ್ಕೂ ಜಗಳ. ದೂರದಲ್ಲಿ ಆಕಾಶ ಭೂಮಿ ಸೇರುವ ಗೆರೆಯನ್ನೇ ನೋಡು, ತಲೆಯನ್ನು ಹಿಂದಕ್ಕೆ ಒರಗಿಸಿಕೋ, ನಿಧಾನವಾಗಿ ಉಸಿರಾಡು ಎಂದು ಹೇಳಿಕೊಡಿ. ಜೇಬಿನಲ್ಲೊಂದು ಗಟ್ಟಿ ಕವರ್ ಇರಲಿ. ಬಳಸುವ ಪ್ರಸಂಗ ಬಾರದಿದ್ದರೂ ಅದು ಇದೆ ಎನ್ನುವುದೇ ಧೈರ್ಯ. ಬೆಳಿಗ್ಗೆ ಹಾರುವವರಿಗೆ ಈ ತೊಂದರೆ ಕಡಿಮೆ. ಬಿಸಿಲೇರಿದಂತೆ ನೆಲ ಕಾದು ಬಿಸಿಗಾಳಿ ಮೇಲೇಳುತ್ತದೆ, ಆಗ ವಿಮಾನ ಹಂಪು ಹಾರುವ ಸಿಟಿ ಬಸ್ಸಿನಂತೆ ಧಡ್ ಧಡ್ ಎನ್ನುತ್ತದೆ. ಗಾಳಿಯಲ್ಲೂ ಹಂಪು ಇದೆ ಎಂದು ಮೊದಲೇ ಗೊತ್ತಿದ್ದರೆ ಹುಡುಗಿ ಹೆದರುವುದಿಲ್ಲ.

ಹಿಂದಿನ ರಾತ್ರಿ ಇಸ್ತ್ರಿ, ಶೂ ಪಾಲಿಶ್ ಅಂತ ಹನ್ನೆರಡರ ತನಕ ಕೂರುವುದು ಬೇಡ, ಸಂಜೆಯೇ ಮುಗಿಸಲಿ. ಕೂದಲನ್ನು ಕೆಳಗೆ ಬಿಗಿಯಾಗಿ ಗಂಟು ಹಾಕಬೇಕು. ದೊಡ್ಡ ಕ್ಲಿಪ್ ಇದ್ದರೆ ತಲೆಗೆ ಹಾಕುವ ಹೆಡ್‌ಸೆಟ್ ಕೂರುವುದಿಲ್ಲ. ಕಿವಿಯ ಓಲೆಯನ್ನೂ ಬಿಚ್ಚಿಡಿ, ಹೆಡ್‌ಸೆಟ್ ಒತ್ತಿ ನೋಯುತ್ತದೆ. ಜೇಬಿನಲ್ಲಿ ಚಿಲ್ಲರೆ, ಪೆನ್ನು, ಪಿನ್ನು ಇರಬಾರದು. ಟೋಪಿ ತೆಗೆದಿಡಿ ಎಂದರೆ ತೆಗೆದಿಡಬೇಕು, ಗಾಳಿಗೆ ಹಾರಿ ಎಂಜಿನ್ನಿನ ಕಡೆ ಹೋದರೆ ಅಪಾಯ. ತೂಕ ಕೇಳುತ್ತಾರೆ, ಸರಿಯಾದದ್ದನ್ನೇ ಹೇಳಲಿ. ಮದುವೆ ಮಾತುಕತೆಯ ತೂಕ ಅಲ್ಲಿ ನಡೆಯದು! ಇಷ್ಟು ಹಗುರವಾದ ವಿಮಾನದಲ್ಲಿ ಐದು ಕಿಲೋ ಕೂಡ ಲೆಕ್ಕಕ್ಕೆ ಬರುತ್ತದೆ.

ಒಂದು ಮಾತನ್ನು ಮಾತ್ರ ಕಟ್ಟುನಿಟ್ಟಾಗಿ ಹೇಳಿ. ಮುಂದಿನ ಪ್ರೊಪೆಲ್ಲರ್ ನಿಂತಿದ್ದರೂ ಅದರ ಹತ್ತಿರ ಸುಳಿಯಬಾರದು. ತಿರುಗುವಾಗ ಅದು ಕಣ್ಣಿಗೆ ಕಾಣುವುದೇ ಇಲ್ಲ. ಕರೆದಾಗ, ತೋರಿಸಿದ ಕಡೆಯಿಂದಲೇ ಹೋಗಬೇಕು. ಫೋಟೋ, ಸೆಲ್ಫಿ ಎಲ್ಲ ಇಳಿದ ಮೇಲೆ, ಅದೂ ಅನುಮತಿ ಕೊಟ್ಟರೆ. ಒಳಗೆ ಕೂತ ಮೇಲೆ ಕಾಲ ಹತ್ತಿರದ ಪೆಡಲ್, ಮುಂದಿನ ಕೋಲು ಹೇಳದೆ ಮುಟ್ಟುವಂತಿಲ್ಲ. ಭುಜದ ಮೇಲಿಂದ ಬರುವ ಬೆಲ್ಟನ್ನು ಹಾಕುವುದಷ್ಟೇ ಅಲ್ಲ, ಬಿಚ್ಚುವುದನ್ನೂ ನೆಲದ ಮೇಲೇ ಕಲಿತಿರಬೇಕು.

ಮುಟ್ಟಿನ ದಿನ ಬಿದ್ದರೆ? ಅದೊಂದೇ ಕಾರಣಕ್ಕೆ ಬಿಡಬೇಕಿಲ್ಲ. ಹೊಟ್ಟೆನೋವು, ಸುಸ್ತು ಜಾಸ್ತಿ ಇದ್ದರೆ ಗರ್ಲ್ ಕೆಡೆಟ್ ಇನ್‌ಸ್ಟ್ರಕ್ಟರ್ ಮೇಡಂ ಹತ್ತಿರ ಹೇಳಲಿ. ಹೇಳಲು ಸಂಕೋಚಪಡುವ ಹುಡುಗಿಯಾದರೆ ಏನೆಂದು ಹೇಳಬೇಕು ಎಂಬ ಎರಡು ವಾಕ್ಯವನ್ನೂ ಮನೆಯಲ್ಲೇ ಹೇಳಿಸಿ. ನಾನು ಈಗ ನಮ್ಮ ಹುಡುಗಿಯಿಂದ ಇಂಥದ್ದನ್ನೆಲ್ಲ ಬಾಯಿಪಾಠ ಮಾಡಿಸಿದ್ದೇನೆ: ‘ಸರ್, ನನಗೆ ಇವತ್ತು ನೆಗಡಿ.’ ‘ಸರ್, ಕಿವಿ ನೋಯ್ತಿದೆ, ನಿಧಾನ ಇಳಿಸಿ.’ ‘ಸರ್, ಸಾಕು.’ ಪರೇಡ್‌ನಲ್ಲಿ ‘ಎಸ್ ಸರ್’ ಅಂದು ಅಂದು ಅಭ್ಯಾಸವಾದ ಮಕ್ಕಳಿಗೆ ಈ ಮೂರು ಮಾತು ಸುಲಭಕ್ಕೆ ಬಾಯಿಗೆ ಬರುವುದಿಲ್ಲ. ಸರದಿ ತಪ್ಪಿದರೆ ಮನೆಯಲ್ಲಿ ಯಾರೂ ಮುಖ ಸಣ್ಣ ಮಾಡುವುದಿಲ್ಲ ಎನ್ನುವುದು ಅವರಿಗೆ ಮೊದಲೇ ಗೊತ್ತಿರಬೇಕು. ನಮ್ಮಲ್ಲಿ ಅದು ಗೊತ್ತಿರಲಿಲ್ಲ. ಹಾರುತ್ತಾಳಂತೆ ಎಂದು ಓಣಿಗೆಲ್ಲ ಹೇಳಿ ಬಂದವಳೂ ನಾನೇ!

ಕಿವಿ ಪೂರ್ತಿ ವಾಸಿಯಾಗಿ, ಡಾಕ್ಟರು ಸರಿ ಎಂದ ಮೇಲೆ ಅವಳಿಗೆ ಮತ್ತೊಮ್ಮೆ ಅವಕಾಶ ಸಿಕ್ಕಿತು. ಹೋದ ಸಲದ ನೆಗಡಿಯ ವಿಷಯವನ್ನು ತಾನೇ ಅಧಿಕಾರಿಗೆ ಹೇಳಿಕೊಂಡಳಂತೆ. ಅವರು ಎರಡು ಮಾತು ಬೈದು, ಕಿವಿಯ ಡಾಕ್ಟರ ಚೀಟಿ ನೋಡಿ ಹತ್ತಿಸಿಕೊಂಡರಂತೆ. ಆ ಬೆಳಿಗ್ಗೆ ಐದೂವರೆಗೆ ಅಕ್ಕನ ಫೋನು. ನನಗೆ ಮಂತ್ರಾಕ್ಷತೆ ಬೀಳುತ್ತದೆ ಎಂದುಕೊಂಡೇ ಎತ್ತಿದೆ.

‘ಮೂಗು ಸರಿಯಾಗಿದೆಯಾ ಅಂತ ಕೇಳಿದ್ಯಾ?’

‘ಕೇಳಿದೆ ಅಕ್ಕ, ಟಾರ್ಚ್ ಹಾಕಿ ನೋಡೋದೊಂದು ಬಾಕಿ.’

‘ಇಡ್ಲಿ ಎಷ್ಟು ಕೊಟ್ಟೆ?’

‘ಎರಡು.’

‘ಇನ್ನೊಂದು ಕೊಡಬಹುದಿತ್ತು’ ಎಂದಳು ಅಕ್ಕ.