ಹೊಳಪು ಇರುವುದು ಸಾಣೆಯಲ್ಲಿ

ಫ್ರೆಂಚ್ ರತ್ನ ವ್ಯಾಪಾರಿ ಟ್ಯಾವರ್ನಿಯೆ 17ನೇ ಶತಮಾನದಲ್ಲಿ ದಖನ್ನಿಗೆ ಬಂದಾಗ ಮೊದಲು ನೋಡಿದ ವಜ್ರದ ಗಣಿ ಬಿಜಾಪುರದ ಸುಲ್ತಾನರ ಸೀಮೆಯಲ್ಲಿತ್ತು. ಗೋಲ್ಕೊಂಡದಿಂದ ಐದು ದಿನದ, ಬಿಜಾಪುರದಿಂದ ಎಂಟೊಂಬತ್ತು ದಿನದ ಹಾದಿ ಎಂದು ಆತ ಬರೆದಿಟ್ಟಿದ್ದಾನೆ. ಅವನು ‘ರಾವೋಲ್‌ಕೊಂಡ’ ಎಂದು ಕರೆದ ಊರು ಇಂದಿನ ಕರ್ನೂಲು ಜಿಲ್ಲೆಯ ರಾಮಳ್ಳಕೋಟ ಎಂದು ಅನೇಕ ವಿದ್ವಾಂಸರು ಗುರುತಿಸುತ್ತಾರೆ. ಯಾದಗಿರಿ ಜಿಲ್ಲೆಯ ಶಹಾಪುರದ ಸುತ್ತಲಿನ ಸಗರವೂ ಬಿಜಾಪುರದ ಆಳ್ವಿಕೆ ಕಂಡ ನಾಡು. ಆ ವಂಶದ ಮೊದಲ ಅರಸ ಯೂಸುಫ್ ಆದಿಲ್ ಶಾಹನ ಗೋರಿ ಇರುವುದು ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ.

ಗಣಿಯ ಊರಿನಲ್ಲೇ ಸಾಣೆಗಾರರಿದ್ದರು. ಅವರ ಕೆಲಸವನ್ನು ಟ್ಯಾವರ್ನಿಯೆ ಹತ್ತಿರದಿಂದ ನೋಡಿದ. ಹರಳು ಸ್ವಚ್ಛವಾಗಿದ್ದರೆ ಮೇಲೊಮ್ಮೆ ಕೆಳಗೊಮ್ಮೆ ಚಕ್ರಕ್ಕೆ ತಾಗಿಸಿ ಬಿಟ್ಟುಬಿಡುತ್ತಿದ್ದರು. ಹೆಚ್ಚು ಉಜ್ಜಿದರೆ ತೂಕ ಹೋಗುತ್ತದೆಂಬ ಭಯ. ಒಳಗೆ ಕಪ್ಪು ಚುಕ್ಕಿಯೋ ಕೆಂಪು ಕಣವೋ ಇದ್ದರೆ ಮಾತ್ರ ಮೈತುಂಬ ಮುಖಗಳನ್ನು ಕೊರೆದು ಕಲೆಯನ್ನು ಮರೆಸುತ್ತಿದ್ದರು. ಸಣ್ಣ ಬಿರುಕಿದ್ದರೆ ಒಂದು ಮುಖದ ಅಂಚಿನಡಿ ಅಡಗಿಸುತ್ತಿದ್ದರು. ಕಲೆಗಿಂತ ಸಾಣೆ ದೊಡ್ಡದು ಎಂಬುದು ಆ ಕೈಗಳಿಗೆ ಆಗಲೇ ಗೊತ್ತಿತ್ತು.

ಇವತ್ತು ಉಂಗುರ ಕೊಳ್ಳುವವರಿಗೂ ಇದೇ ಮೊದಲ ಪಾಠ.

ಯಾದಗಿರಿ, ಶಹಾಪುರ, ಸುರಪುರದ ಮನೆಗಳಲ್ಲಿ ಮದುವೆಯ ಬಂಗಾರವೆಂದರೆ ತೊಲದ ಲೆಕ್ಕ. ಪತ್ತಾರರ ತಕ್ಕಡಿಯನ್ನು ಓದಲು ಅಜ್ಜಿಯರಿಗೂ ಬರುತ್ತದೆ. ವಜ್ರದ ಲೆಕ್ಕ ಬೇರೆ. ಬಂಗಾರದಲ್ಲಿ ಕ್ಯಾರಟ್ ಎಂದರೆ ಶುದ್ಧತೆ. ವಜ್ರದಲ್ಲಿ ಅದೇ ಮಾತು ತೂಕವನ್ನು ಹೇಳುತ್ತದೆ. ಒಂದು ಕ್ಯಾರಟ್ 200 ಮಿಲಿಗ್ರಾಂ, ಅದರ ನೂರರಲ್ಲೊಂದು ಪಾಲು ಒಂದು ಸೆಂಟ್. ತೂಕ, ಬಣ್ಣ, ಕ್ಲಾರಿಟಿ, ಕಟ್ ಈ ನಾಲ್ಕೂ ಸೇರಿ ಬೆಲೆಯಾಗುತ್ತದೆ. ಇವುಗಳಲ್ಲಿ ಮಿಂಚನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ಕಟ್, ಅಂದರೆ ಸಾಣೆ.

ಕಾರಣ ಬೆಳಕಿನ ನಡೆಯಲ್ಲಿದೆ. ವಜ್ರದೊಳಗೆ ಹೊಕ್ಕ ಬೆಳಕಿನ ವೇಗ ಗಾಳಿಯಲ್ಲಿದ್ದುದರ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ವಜ್ರ ಬೆಳಕನ್ನು ಬಾಗಿಸುವ ಅಳತೆ, ಅಂದರೆ ವಕ್ರೀಭವನಾಂಕ 2.42, ಸಾಮಾನ್ಯ ಗಾಜಿನದು ಸುಮಾರು 1.5. ಇಷ್ಟು ಬಲವಾಗಿ ಬಾಗಿದ ಬೆಳಕು ಒಳಗಿನ ಮುಖಕ್ಕೆ ಸುಮಾರು 24.5 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಡಿದರೆ ಹೊರಗೆ ಹೋಗಲಾರದು, ಕನ್ನಡಿಗೆ ಬಡಿದಂತೆ ಹಿಂದಿರುಗುತ್ತದೆ. ಸಾಣೆ ಸರಿಯಿದ್ದರೆ ಮೇಲಿನಿಂದ ಬಂದ ಬೆಳಕು ತಳದ ಒಂದು ಬದಿಗೆ ಬಡಿದು, ಎದುರು ಬದಿಗೆ ಹಾರಿ, ಮತ್ತೆ ಮೇಲಕ್ಕೇ ಬಂದು ನೋಡುವವರ ಕಣ್ಣು ಸೇರುತ್ತದೆ. ಬರುವಾಗ ಬಣ್ಣಬಣ್ಣವಾಗಿ ಒಡೆಯುವುದರಿಂದ ಕೆಂಪು, ನೀಲಿಯ ಕಿಡಿಗಳು ಕಾಣುತ್ತವೆ.

1919ರಲ್ಲಿ ಮಾರ್ಸೆಲ್ ಟೋಲ್ಕೋವ್ಸ್ಕಿ ಈ ದಾರಿಯನ್ನು ಗಣಿತದಿಂದ ಲೆಕ್ಕ ಹಾಕಿದ. ದುಂಡು ಹರಳಿಗೆ ತಳದ ಇಳಿಜಾರು 40.75 ಡಿಗ್ರಿ, ಮೇಲಿನ ಇಳಿಜಾರು 34.5 ಡಿಗ್ರಿ ಇರಬೇಕೆಂದು ತೋರಿಸಿದ. 57 ಅಥವಾ 58 ಮುಖಗಳ ಇಂದಿನ ದುಂಡು ವಜ್ರಕ್ಕೆ ಆ ಲೆಕ್ಕ ಈಗಲೂ ಆಧಾರ. ತಳ ತೀರಾ ಚಪ್ಪಟೆಯಾದರೆ ಬೆಳಕು ಸೋರಿ, ಹರಳಿನ ನಡುವೆ ಮೀನಿನ ಕಣ್ಣಿನಂಥ ಬೂದು ಬಳೆ ಕಾಣುತ್ತದೆ. ತೀರಾ ಆಳವಾದರೆ ನಡುಭಾಗ ಕಪ್ಪಾಗುತ್ತದೆ. ತೂಕವೆಲ್ಲ ತಳದಲ್ಲಿ ಅಡಗಿ ಹರಳು ಚಿಕ್ಕದಾಗಿಯೂ ತೋರುತ್ತದೆ. ಚೆನ್ನಾಗಿ ಸಾಣೆ ಹಿಡಿದ ಒಂದು ಕ್ಯಾರಟ್ ದುಂಡು ವಜ್ರ ಸುಮಾರು 6.5 ಮಿಲಿಮೀಟರ್ ಅಗಲವಿರುತ್ತದೆ.

ಮಿಂಚು ಬರುವುದು ಸಾಣೆಯಿಂದ ಎಂಬುದಕ್ಕೆ ದೊಡ್ಡ ಸಾಕ್ಷಿ ಕೊಹಿನೂರ್. ಅದು ಸಿಕ್ಕಿದ್ದು ಆಂಧ್ರದ ಕೊಲ್ಲೂರಿನಲ್ಲಿ ಎಂಬ ನಂಬಿಕೆಯಿದೆ; ಸುರಪುರ, ಶಹಾಪುರಗಳ ತೆಂಕಣ ಅಂಚಿನಲ್ಲಿ ಹರಿಯುವ ಕೃಷ್ಣೆಯೇ ಮುಂದೆ ಹರಿದು ಅಲ್ಲಿಗೆ ತಲುಪುತ್ತಾಳೆ. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿ ಅದನ್ನಿಟ್ಟಾಗ ನೋಡಲು ಬಂದವರಿಗೆ ನಿರಾಶೆಯಾಯಿತು. ಸುಮಾರು 191 ಕ್ಯಾರಟ್ ತೂಗುತ್ತಿದ್ದ ಹರಳು ನಿರೀಕ್ಷಿಸಿದಂತೆ ಮಿಂಚಲಿಲ್ಲ. ಮೊಗಲರ ಕಾಲದ ಸಾಣೆ ತೂಕ ಉಳಿಸಿತ್ತು, ಬೆಳಕನ್ನು ಹಿಂದಿರುಗಿಸುತ್ತಿರಲಿಲ್ಲ. ಮರುವರ್ಷ ಅದಕ್ಕೆ ಹೊಸದಾಗಿ ಸಾಣೆ ಹಿಡಿಸಿದರು. ಉಳಿದದ್ದು 105.6 ಕ್ಯಾರಟ್. ಮಿಂಚಿಗಾಗಿ ಅಷ್ಟು ದೊಡ್ಡ ವಜ್ರವೇ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು ತೂಕ ಬಿಟ್ಟುಕೊಟ್ಟಿತು.

ಹಾಗಾದರೆ ಕ್ಲಾರಿಟಿ? ನೆಲದಾಳದಲ್ಲಿ ಹುಟ್ಟುವಾಗ ಹರಳಿನೊಳಗೆ ಸೇರಿದ ಕಣ, ಬಿರುಕು, ಮೋಡದಂಥ ಮಸುಕನ್ನು ಅದು ಅಳೆಯುತ್ತದೆ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿ ದರ್ಜೆ ಕೊಡುತ್ತಾರೆ. ಏನೂ ಕಾಣದಿದ್ದರೆ ಎಫ್‌ಎಲ್, ಒಳಗೆ ಶುದ್ಧವಿದ್ದರೆ ಐಎಫ್, ಮುಂದೆ ವಿವಿಎಸ್, ವಿಎಸ್, ಎಸ್‌ಐ, ಕೊನೆಗೆ ಐ. ವಿವಿಎಸ್ ಮತ್ತು ವಿಎಸ್ ಹರಳುಗಳನ್ನು ಬರಿಗಣ್ಣಿಗೆ ಬೇರ್ಪಡಿಸುವುದು ಹೆಚ್ಚುಕಡಿಮೆ ಆಗದ ಮಾತು. ಬೆಲೆಯ ಅಂತರ ಮಾತ್ರ ದೊಡ್ಡದು. ಅಷ್ಟು ಸಣ್ಣ ಕಣಗಳು ಬೆಳಕಿನ ದಾರಿಗೆ ಅಡ್ಡಬರುವುದಿಲ್ಲ. ಐ ದರ್ಜೆಯಲ್ಲಿ ಸಂಗತಿ ಬದಲಾಗುತ್ತದೆ: ಕಲೆ ಕಣ್ಣಿಗೆ ಬೀಳುತ್ತದೆ, ದಟ್ಟ ಮಸುಕು ಹೊಳಪನ್ನೇ ನುಂಗುತ್ತದೆ.

ಕಲೆ ಎಲ್ಲಿದೆ ಎಂಬುದೂ ಮುಖ್ಯ. ನಡುಮುಖದ ಕೆಳಗಿದ್ದರೆ ಎದ್ದು ಕಾಣುತ್ತದೆ, ಅಂಚಿನಲ್ಲಿದ್ದರೆ ಉಂಗುರದ ಹಿಡಿಕೆಯ ಕೆಳಗೆ ಮರೆಯಾಗುತ್ತದೆ. ಆದರೆ ಅಂಚಿನವರೆಗೆ ಬಂದ ಬಿರುಕು ಏಟಿಗೆ ಸೀಳಬಹುದು. ಮೆಟ್ಟಿಲು ಮೆಟ್ಟಿಲಾಗಿ ಉದ್ದುದ್ದ ಮುಖಗಳಿರುವ ಎಮರಾಲ್ಡ್ ಕಟ್ ತೆರೆದ ಕಿಟಕಿಯಿದ್ದಂತೆ, ಅಲ್ಲಿ ಕಲೆ ಬೇಗ ಕಾಣುತ್ತದೆ. ಅದಕ್ಕೆ ಹೆಚ್ಚಿನ ಕ್ಲಾರಿಟಿ ಬೇಕು. ದುಂಡು ಹರಳಿನ ಕಿಡಿಗಳ ನಡುವೆ ಸಣ್ಣ ಕಲೆ ಕರಗಿಹೋಗುತ್ತದೆ.

ಯುರೋಪಿನವರು ವಜ್ರವನ್ನು ಹಗಲಿನಲ್ಲಿ ಪರೀಕ್ಷಿಸಿದರೆ ಇಲ್ಲಿನವರು ರಾತ್ರಿ ಗೋಡೆಯ ಗೂಡಿನಲ್ಲಿ ದೀಪವಿಟ್ಟು ನೋಡುತ್ತಿದ್ದರು ಎಂದೂ ಟ್ಯಾವರ್ನಿಯೆ ಬರೆದಿದ್ದಾನೆ. ಇಂದಿನ ಅಂಗಡಿಯ ಮಾಡಿನಿಂದ ಬೀಳುವ ಹತ್ತಾರು ಚಿಕ್ಕ ದೀಪಗಳಡಿ ಸಾಧಾರಣ ಹರಳೂ ಮಿಂಚುತ್ತದೆ. ಕಲಬುರಗಿಗೋ ಹೈದರಾಬಾದಿಗೋ ಉಂಗುರ ತರಲು ಹೋದವರು ಹರಳನ್ನು ಬಾಗಿಲ ಬಳಿ ಹಗಲ ಬೆಳಕಿಗೆ ತಂದು, ಕೈಯ ನೆರಳಿನಲ್ಲೂ ಹಿಡಿದು, ನಿಧಾನವಾಗಿ ಅಲುಗಿಸಿ ನೋಡಬೇಕು. ಆಗಲೂ ಅಂಚಿನಿಂದ ಅಂಚಿಗೆ ಕಿಡಿ ಹಾರಿದರೆ ಸಾಣೆ ಒಳ್ಳೆಯದು.

ಬಂಗಾರಕ್ಕೆ ಬಿಐಎಸ್ ಹಾಲ್‌ಮಾರ್ಕ್ ಇದೆ. 18 ಕ್ಯಾರಟ್ ಉಂಗುರದ ಮೇಲೆ 750 ಎಂಬ ಅಂಕಿ, ಅಕ್ಷರ, ಅಂಕಿ ಬೆರೆತ ಆರು ಸ್ಥಾನಗಳ ಗುರುತು ಇರುತ್ತವೆ. ಆ ಮುದ್ರೆ ಬಂಗಾರದ್ದು, ಹರಳಿನದಲ್ಲ. ವಜ್ರಕ್ಕೆ ಜಿಐಎ, ಐಜಿಐ ಮುಂತಾದ ಪ್ರಯೋಗಾಲಯಗಳ ವರದಿ ಬೇರೆಯೇ ಬೇಕು. ದುಂಡು ವಜ್ರಕ್ಕೆ ಜಿಐಎ 2006ರಿಂದ ಎಕ್ಸಲೆಂಟ್‌ನಿಂದ ಪೂರ್‌ವರೆಗೆ ಐದು ಕಟ್ ದರ್ಜೆಗಳನ್ನು ಕೊಡುತ್ತಿದೆ.

ಮನೆಗೆ ತಂದ ಮೇಲೂ ಒಂದು ಕೆಲಸವಿದೆ. ವಜ್ರಕ್ಕೆ ಜಿಡ್ಡು ಬೇಗ ಅಂಟುತ್ತದೆ. ಒಗ್ಗರಣೆಯ ಎಣ್ಣೆ, ರೊಟ್ಟಿಯ ಹಿಟ್ಟು ಹರಳಿನ ಬೆನ್ನಿಗೆ ಕೂತರೆ ಎಕ್ಸಲೆಂಟ್ ಸಾಣೆಯೂ ಮಂಕಾಗುತ್ತದೆ. ಉಗುರುಬೆಚ್ಚಗಿನ ನೀರು, ಸೌಮ್ಯ ಸಾಬೂನು, ಮೆತ್ತನೆಯ ಬ್ರಷ್ ಸಾಕು.

ಕೈಯಲ್ಲಿರುವ ಹಣಕ್ಕೆ ಮಿತಿಯಿದ್ದರೆ, ವಿವಿಎಸ್ ಬಿಟ್ಟು ವಿಎಸ್‌ಗೆ, ಕಣ್ಣಿಗೆ ಕಲೆ ಕಾಣದಿದ್ದರೆ ಎಸ್‌ಐಗೂ ಇಳಿಯಿರಿ. ಉಳಿದ ಹಣವನ್ನು ಎಕ್ಸಲೆಂಟ್ ಕಟ್‌ಗೆ ಹಾಕಿ. ಅಂಗಡಿಯಲ್ಲಿ ‘ಎಷ್ಟು ಸೆಂಟ್’ ಎಂದು ಕೇಳುವ ಮೊದಲು ವರದಿಯಲ್ಲಿ ಕಟ್ ಯಾವ ದರ್ಜೆಯದು ಎಂದು ಕೇಳಿ.