ಸೆಂಟ್ಸಿನ ಲೆಕ್ಕದಲ್ಲಿ ಸಂತೆಕಟ್ಟೆ

ರೂತ್ ಗ್ಲಾಸ್ ಎಂಬ ಸಮಾಜಶಾಸ್ತ್ರಜ್ಞೆ 1964ರಲ್ಲಿ ಲಂಡನ್ ನಗರವನ್ನು ಕುರಿತು ಬರೆಯುವಾಗ ‘ಜೆಂಟ್ರಿಫಿಕೇಶನ್’ ಎಂಬ ಹೊಸ ಶಬ್ದವೊಂದನ್ನು ಬಳಕೆಗೆ ತಂದರು. ಕೆಲಸಗಾರರು ವಾಸವಾಗಿದ್ದ ಹಳೆಯ ಕೇರಿಗಳಿಗೆ ಅನುಕೂಲಸ್ಥರು ಬಂದು ನೆಲಸುವುದು, ಮನೆಗಳಿಗೆ ಹೊಸ ಕಳೆ ಬರುವುದು, ಬಾಡಿಗೆ ಏರುವುದು, ಮೊದಲಿದ್ದವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡುವುದು, ಇಷ್ಟೂ ಆ ಒಂದು ಶಬ್ದದಲ್ಲಿ ಅಡಗಿದೆ. ಕನ್ನಡದಲ್ಲಿ ಇದಕ್ಕೆ ಒಪ್ಪುವ ಮಾತು ಇನ್ನೂ ಬಳಕೆಗೆ ಬಂದಂತಿಲ್ಲ. ಆದರೆ ಸಂಗತಿಯೇನೋ ಬಂದುಬಿಟ್ಟಿದೆ. ಅದನ್ನು ಕಾಣಲು ಲಂಡನ್ನಿಗೆ ಹೋಗಬೇಕಾಗಿಲ್ಲ. ಉಡುಪಿಯಿಂದ ಬ್ರಹ್ಮಾವರದ ಬಸ್ಸು ಹತ್ತಿ ಸಂತೆಕಟ್ಟೆಯಲ್ಲಿ ಇಳಿದರೆ ಸಾಕು.

ಒಂದು ವ್ಯತ್ಯಾಸವುಂಟು. ಅಲ್ಲಿ ಕೈ ಬದಲಾದುದು ಹಳೆಯ ಮನೆಗಳು, ನಮ್ಮಲ್ಲಿ ಗದ್ದೆಗಳು. ಸಂತೆಕಟ್ಟೆಯೆಂದರೆ, ಹೆಸರೇ ಹೇಳುವಂತೆ, ಸಂತೆ ಸೇರುವ ಊರು. ಪಕ್ಕದಲ್ಲಿಯೇ ಸ್ವರ್ಣಾ ನದಿಯ ದಡದ ಹಳೆಯ ಬಂದರಾದ ಕಲ್ಯಾಣಪುರ. ಮಣಿಪಾಲದಲ್ಲಿ 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಆರಂಭವಾಯಿತು. 1997ರಲ್ಲಿ ಉಡುಪಿಯು ಜಿಲ್ಲಾಕೇಂದ್ರವಾಯಿತು. ಮರುವರ್ಷ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿತು. ತರುವಾಯ ರಾಷ್ಟ್ರೀಯ ಹೆದ್ದಾರಿ ಚತುಷ್ಪಥವಾಯಿತು. ಈ ನಾಲ್ಕರ ಒತ್ತಡವೂ ಸಂತೆಕಟ್ಟೆಯ ಮೇಲೆ ಬಿದ್ದಿದೆ.

ಹಿಂದೆ ನಮ್ಮ ಕಡೆ ಗದ್ದೆಯ ತೂಕವನ್ನು ಅದು ಕೊಡುವ ಗೇಣಿಯ ಅಕ್ಕಿಮುಡಿಗಳಿಂದ ತಿಳಿಯುತ್ತಿದ್ದರು. ಬೈಲು, ಮಜಲು, ಬೆಟ್ಟು ಎಂಬ ವಿಂಗಡಣೆಯೂ ನೀರಿನ ಆಸರೆಯನ್ನು ನೋಡಿ ಮಾಡಿದ್ದು: ಬೈಲು ಶ್ರೇಷ್ಠ, ಬೆಟ್ಟು ಕನಿಷ್ಠ. ಇಂದಿನ ಲೆಕ್ಕ ಸೆಂಟ್ಸಿನದು. ಎಕರೆಯ ನೂರರಲ್ಲಿ ಒಂದು ಪಾಲು, ಸುಮಾರು 435 ಚದರಡಿ, ಒಂದು ಸೆಂಟ್ಸು. ಈ ಲೆಕ್ಕದಲ್ಲಿ ಭತ್ತಕ್ಕೆ ಸ್ಥಾನವೇ ಇಲ್ಲ. ರಸ್ತೆಗೆ ಎಷ್ಟು ಹತ್ತಿರ ಎಂಬುದೊಂದೇ ಪ್ರಶ್ನೆ. ಯಾವ ಬೆಟ್ಟುಗದ್ದೆಯನ್ನು ನಮ್ಮ ಅಜ್ಜಂದಿರು ಬೇಡವೆನ್ನುತ್ತಿದ್ದರೋ ಅದೇ ಇಂದು ಮೊದಲು ಮಾರಿಹೋಗುತ್ತದೆ.

ಹಾಗಾದರೆ ಲಾಭ ಯಾರಿಗೆ? ‘ಹೊರಗಿನವರಿಗೆ’ ಎಂದು ಬಿಡುವುದು ಸುಲಭ. ನನಗೆ ಅದು ಅರ್ಧಸತ್ಯವೆಂದು ತೋರುತ್ತದೆ. 1974ರ ಭೂಸುಧಾರಣಾ ತಿದ್ದುಪಡಿಯಿಂದ ಉಳುವ ಗೇಣಿದಾರನಿಗೆ ಭೂಮಿಯ ಒಡೆತನ ದೊರೆಯಿತು. ಡಿಕ್ಲರೇಶನ್ ಕೊಟ್ಟು ಗೆದ್ದವರ ಮೊಮ್ಮಕ್ಕಳಲ್ಲಿ ಇಂದು ಕೆಲವರು ಸ್ವಂತ ಕಟ್ಟಡದ ಧಣಿಗಳು. ಇದರಲ್ಲಿ ಅಸೂಯೆ ಪಡುವಂತಹುದೇನೂ ಇಲ್ಲ. ತಲೆಮಾರುಗಳ ದುಡಿಮೆಗೆ ಸಂದ ಬೆಲೆ ಅದು. ಆದರೆ ಅದೇ ಗದ್ದೆಯಲ್ಲಿ ನೇಜಿ ನೆಟ್ಟು ಕೊಯ್ಲು ಮಾಡಿದ ಕೂಲಿಯಾಳು ಗೇಣಿದಾರನಾಗಿರಲಿಲ್ಲ. ಅವನಿಗೆ ಕಾನೂನು ಹೆಚ್ಚೆಂದರೆ ವಾಸದ ಮನೆಯ ಅಡಿಸ್ಥಳವನ್ನು ಕೊಡಬಲ್ಲುದಾಗಿತ್ತು, ಗದ್ದೆಯನ್ನಲ್ಲ. ಒಂದೇ ಹುಣಿಯ ಮೇಲೆ ನಡೆದಾಡಿದ ಎರಡು ಮನೆಗಳು, ಒಂದರ ಕೈಯಲ್ಲಿ ಕಾಗದವಿತ್ತು, ಇನ್ನೊಂದರ ಕೈಯಲ್ಲಿ ಇರಲಿಲ್ಲ. ಭತ್ತ ಬೆಳೆಯುವಷ್ಟು ಕಾಲ ಈ ಅಂತರ ಅಷ್ಟಾಗಿ ಕಣ್ಣಿಗೆ ಬೀಳಲಿಲ್ಲ. ಸೆಂಟ್ಸಿಗೆ ಲಕ್ಷಗಳ ಬೆಲೆ ಬಂದ ದಿನ ಅದು ಬಾಯ್ದೆರೆಯಿತು.

ನಮ್ಮ ಮನೆಯ ಮಾತನ್ನೇ ಹೇಳಬಹುದು. ನಮ್ಮದು ಎರಡನೆಯ ಬಗೆಯ ಕುಟುಂಬ, ಬಿ.ಎ. ತರಗತಿಯವರೆಗೆ ಬಂದವನು ನಮ್ಮಲ್ಲಿ ನಾನೇ ಮೊದಲಿಗ. ಸಂತೆಕಟ್ಟೆಯ ಒಂದು ಸಾಲುಬಿಡಾರದಲ್ಲಿ ನಾವು ಬಹಳ ವರ್ಷ ಬಾಡಿಗೆಗಿದ್ದೆವು. ಧಣಿಗಳು ಸಜ್ಜನರು. ಜಾಗ ಮಾರುವಾಗ ನನ್ನ ತಾಯಿಯನ್ನು ಕರೆದು, “ಅಕ್ಕಾ, ಮಕ್ಕಳಿಗೆ ಪಾಲಾಗಬೇಕಲ್ಲ, ನಾನೇನು ಮಾಡಲಿ?” ಎಂದರು. ಅದಕ್ಕೆ ಉತ್ತರವಿರಲಿಲ್ಲ. ಈಗ ನಾವು ಹೊಳೆಯಾಚೆ ಉಪ್ಪೂರಿನ ಕಡೆ ಇದ್ದೇವೆ. ತಾಯಿಯ ಕೆಲಸ ಮಾತ್ರ ಸಂತೆಕಟ್ಟೆಯಲ್ಲಿಯೇ ಉಳಿದಿದೆ, ಫ್ಲ್ಯಾಟುಗಳ ಮೂರು ಮನೆಗಳಲ್ಲಿ. ಊರು ಅವರನ್ನು ಹಗಲಿಗೆ ಮಾತ್ರ ಇಟ್ಟುಕೊಂಡು ಸಂಜೆಗೆ ಕಳುಹಿಸುತ್ತದೆ.

ಈ ಹೋಗಿಬರುವಿಕೆಗೂ ಬೆಲೆಯುಂಟು. 2023ರ ಜೂನ್ 11ರಿಂದ ನಮ್ಮ ರಾಜ್ಯದಲ್ಲಿ ಸ್ತ್ರೀಯರಿಗೆ ಸರಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣದ ‘ಶಕ್ತಿ’ ಯೋಜನೆ ಜಾರಿಗೆ ಬಂದಿತು. ಆದರೆ ಕರಾವಳಿಯಲ್ಲಿ ಓಡುವ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವರವು. ಸರಕಾರಿ ಬಸ್ಸಿಗಾಗಿ ಕಾದರೆ ಕೆಲಸಕ್ಕೆ ತಡ, ಬಂದ ಬಸ್ಸನ್ನು ಹತ್ತಿದರೆ ಕಾಸು. ಮೈಸೂರಿನ ಮನೆಗೆಲಸದಾಕೆಗೆ ಉಳಿಯುವ ಹಣ ಉಡುಪಿಯ ಮನೆಗೆಲಸದಾಕೆಗೆ ಉಳಿಯುವುದಿಲ್ಲ.

ಮಾರದೆ ಉಳಿದ ಬಡವರ ಗತಿಯಾದರೂ ಏನು? ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಸೀಮೆ ಇದು. ಆ ನೀರನ್ನು ನಿಲ್ಲಿಸಿ ಇಂಗಿಸುತ್ತಿದ್ದುದು ಬೈಲುಗದ್ದೆ. ಈಗ ಬೈಲಿಗೆ ಲಾರಿಗಟ್ಟಲೆ ಕೆಂಪುಮಣ್ಣು ಹೊಡೆದು ಆಳೆತ್ತರಕ್ಕೆ ಏರಿಸಿ ಕಟ್ಟಡ ಕಟ್ಟುತ್ತಾರೆ. ನೀರು ಜಾಗ ಹುಡುಕಬೇಕಷ್ಟೆ. ಪಕ್ಕದ ಹಳೆಯ ತಗ್ಗುಮನೆಯ ಅಂಗಳವನ್ನು ಹೊಕ್ಕುತ್ತದೆ. ಆಷಾಢದಲ್ಲಿ ನೀರು ಒಳಗೆ ಬಂದ ಮನೆಯಲ್ಲಿಯೇ ಮೇ ತಿಂಗಳಲ್ಲಿ ಬಾವಿ ಬತ್ತಿರುತ್ತದೆ, ಏಕೆಂದರೆ ಇಂಗಿಸುವ ಗದ್ದೆಯಿಲ್ಲ, ನೆರೆಯಲ್ಲಿ ಕೊಳವೆಬಾವಿಯಿದೆ. ನಗರಸಭೆಯ ನಳ್ಳಿಗೆ ನೀರು ಬರುವುದು ಸ್ವರ್ಣೆಯ ಬಜೆ ಅಣೆಕಟ್ಟಿನಿಂದ. 2019ರ ಮೇ ತಿಂಗಳಲ್ಲಿ ಬಜೆಯೇ ಬರಿದಾಗಿ ಉಡುಪಿ ಕಂಗೆಟ್ಟಿತು. ಆಗ ಫ್ಲ್ಯಾಟಿನವರು ಹಣ ಕೂಡಿಸಿ ಟ್ಯಾಂಕರು ತರಿಸಬಲ್ಲರು. ತಗ್ಗುಮನೆಯವರು ಕೊಡ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಹೊಳೆಯೇನೋ ಕಲ್ಯಾಣಪುರದಲ್ಲಿ ತುಂಬಿಯೇ ಇರುತ್ತದೆ, ಆದರೆ ಅದು ಸಮುದ್ರದ ಉಬ್ಬರದಿಂದ ಉಪ್ಪಾದ ನೀರು.

ಮಣ್ಣು ಹೊಡೆಯುವ ಮುನ್ನ ನೀರು ಹರಿಯುವ ತೋಡನ್ನು ಅಳೆದು ಬಿಡಬೇಕೆಂದೂ, ಹೊಸ ಬಡಾವಣೆಗಳಲ್ಲಿ ನಾಲ್ಕಾರು ಸೆಂಟ್ಸಾದರೂ ಕೆಲಸಗಾರರ ಬಿಡಾರಗಳಿಗೆ ಮೀಸಲಿರಬೇಕೆಂದೂ ಕೇಳುವುದು ಅತಿಯಾಸೆಯಾಗಲಾರದು. ನಮ್ಮಲ್ಲಿ ಹಲವರು ನಾಳೆ ಗ್ರಾಮ ಆಡಳಿತಾಧಿಕಾರಿಗಳೋ ಪಂಚಾಯತು ಕಾರ್ಯದರ್ಶಿಗಳೋ ಆಗುವವರು. ತೋಡಿನ ನಕ್ಷೆ ಅವರ ಮೇಜಿನ ಮೇಲೆಯೇ ಬರುತ್ತದೆ.