ಒಂದೇ ಮೇಜು, ಎರಡು ಸಾಲು: ಚರ್ಚಿನೊಳಗಿನ ಜಾತಿ ಬಗ್ಗೆ ಮಾತಾಡೋಣ

ಇವತ್ತಿನ ಸಂಚಿಕೆಯನ್ನ ಒಂದು ನೇರ ಪ್ರಶ್ನೆಯಿಂದ ಶುರು ಮಾಡ್ತೀನಿ. ಕ್ರೈಸ್ತ ಧರ್ಮದಲ್ಲಿ ಜಾತಿ ಇಲ್ಲ ಅನ್ನೋ ಮಾತನ್ನ ನಾವೆಲ್ಲ ಕೇಳಿರ್ತೀವಿ. ಹಾಗಿದ್ರೆ ದಲಿತ ಕ್ರೈಸ್ತರಿಗೂ ಪರಿಶಿಷ್ಟ ಜಾತಿಯ ಸ್ಥಾನ ಕೊಡಿ ಅಂತ ಅದೇ ಚರ್ಚುಗಳ ಮುಖಂಡರು ದಶಕಗಳಿಂದ ಕೇಂದ್ರ ಸರ್ಕಾರವನ್ನ ಯಾಕೆ ಕೇಳ್ತಿದ್ದಾರೆ?

ಕೆಲವರು ಇದನ್ನ ಇಬ್ಬಂದಿತನ ಅಂತಾರೆ. ನನಗೆ ಅಷ್ಟು ಸುಲಭವಾಗಿ ಹಾಗನ್ನಿಸಲ್ಲ. ನಂಬಿಕೆ ಏನು ಹೇಳುತ್ತೆ ಅನ್ನೋದು ಒಂದು ವಿಷಯ, ನಂಬಿದವರು ಹೇಗೆ ಬದುಕ್ತಿದ್ದಾರೆ ಅನ್ನೋದು ಇನ್ನೊಂದು. ಈ ಎರಡರ ನಡುವಿನ ಅಂತರವನ್ನ ಭಾನುವಾರದ ಪ್ರಸಂಗದಲ್ಲಿ ಹೇಳದೆ, ಬರೀ ಮನವಿ ಪತ್ರದಲ್ಲಿ ಹೇಳೋದೇ ಸಮಸ್ಯೆ.

ಮೊದಲು ಕಾನೂನು

1950ರ ಆಗಸ್ಟ್ 10ರಂದು ರಾಷ್ಟ್ರಪತಿಗಳ ಒಂದು ಆದೇಶ ಬಂತು, ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶ ಅಂತ. ಅದರ ಮೂರನೇ ಪ್ಯಾರಾ ಪ್ರಕಾರ ಹಿಂದೂ ಧರ್ಮದವರನ್ನ ಬಿಟ್ಟು ಬೇರೆಯವರು ಪರಿಶಿಷ್ಟ ಜಾತಿ ಪಟ್ಟಿಯಲ್ಲಿ ಬರಲ್ಲ. 1956ರಲ್ಲಿ ತಿದ್ದುಪಡಿ ಮಾಡಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿದರು. ಕ್ರೈಸ್ತರು ಮತ್ತು ಮುಸ್ಲಿಮರು ಹೊರಗೇ ಉಳಿದರು. ಹಾಗಾಗಿ ಆಗಸ್ಟ್ 10ನ್ನ ದಲಿತ ಕ್ರೈಸ್ತ ಸಂಘಟನೆಗಳು ಕರಾಳ ದಿನ ಅಂತ ಆಚರಿಸ್ತವೆ.

ಇದರಿಂದ ಏನು ವ್ಯತ್ಯಾಸ ಆಗುತ್ತೆ? ಮೀಸಲು ಕ್ಷೇತ್ರದಲ್ಲಿ ಚುನಾವಣೆಗೆ ನಿಲ್ಲೋಕಾಗಲ್ಲ. ಪರಿಶಿಷ್ಟ ಜಾತಿ ಕೋಟಾದ ಉದ್ಯೋಗ, ಸೀಟು, ವಿದ್ಯಾರ್ಥಿವೇತನ ಸಿಗಲ್ಲ. ಜಾತಿ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಕೇಳೋಕೂ ತೊಡಕು. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನ ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಇಟ್ಟಿದ್ದಾರೆ. ಅದೊಂದು ಆಸರೆ ಹೌದು, ಆದರೆ ಪರಿಶಿಷ್ಟ ಜಾತಿಯ ಸ್ಥಾನಕ್ಕೆ ಸಮ ಅಲ್ಲ.

ಸೂಸೈ ಪ್ರಕರಣ ಇಲ್ಲಿ ಮುಖ್ಯ. ಮದ್ರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಆದಿ ದ್ರಾವಿಡ ಕ್ರೈಸ್ತ ಇವರು. ಪರಿಶಿಷ್ಟ ಜಾತಿಯ ಚಮ್ಮಾರರಿಗೆ ಸರ್ಕಾರ ಉಚಿತವಾಗಿ ಕೊಟ್ಟ ಪೆಟ್ಟಿಗೆ ಅಂಗಡಿ ಇವರಿಗೆ ಸಿಗಲಿಲ್ಲ. ಅದೇ ಊರು, ಅದೇ ಕಸುಬು, ಅದೇ ಜಾತಿ. ಸುಪ್ರೀಂ ಕೋರ್ಟ್ 1985ರಲ್ಲಿ ಅವರ ಅರ್ಜಿಯನ್ನ ತಳ್ಳಿಹಾಕಿತು. ಮತಾಂತರದ ನಂತರವೂ ಜಾತಿ ಉಳಿಯುತ್ತೆ ಅಂತ ತೋರಿಸಿದರೆ ಸಾಲದು, ಅದರ ಸಾಮಾಜಿಕ ಹಿಂಸೆ ಕ್ರೈಸ್ತ ಸಮಾಜದೊಳಗೂ ಅಷ್ಟೇ ತೀವ್ರವಾಗಿದೆ ಅನ್ನೋದಕ್ಕೆ ಆಧಾರ ಬೇಕು, ಅದನ್ನ ಒದಗಿಸಿಲ್ಲ ಅನ್ನೋದು ತೀರ್ಪಿನ ಸಾರ.

ಇದನ್ನ ಸ್ವಲ್ಪ ಯೋಚಿಸಿ. ಬೇಕಾದ ಸಾಕ್ಷಿ ಎಲ್ಲಿತ್ತು? ಚರ್ಚಿನ ಬೆಂಚುಗಳಲ್ಲಿ, ಸ್ಮಶಾನಗಳಲ್ಲಿ, ಮದುವೆ ಸಂಬಂಧಗಳಲ್ಲಿ. "ನಮ್ಮಲ್ಲಿ ಅದೆಲ್ಲ ಇಲ್ಲ" ಅಂತ ಸಭೆ ಮೌನವಾಗಿದ್ದರೆ ಆ ಮೌನದ ಬೆಲೆ ಕಟ್ಟೋದು ಸೂಸೈ ಥರದವರು.

2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಪರಿಶಿಷ್ಟ ಜಾತಿ ಸ್ಥಾನವನ್ನ ಧರ್ಮದಿಂದ ಬೇರ್ಪಡಿಸಬೇಕು ಅಂತ ಶಿಫಾರಸು ಮಾಡಿತು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ನೇತೃತ್ವದಲ್ಲಿ ಇದೇ ಪ್ರಶ್ನೆಗೆ ಇನ್ನೊಂದು ಆಯೋಗ ನೇಮಿಸಿತು.

ಜಗಳ ಇರೋದು ಊಟದಲ್ಲಿ

ಈಗ ನಂಬಿಕೆಯ ಕಡೆಗೆ ಬರೋಣ. ಜಾತಿ ನಿಜವಾಗಿ ಕಾಣಿಸ್ಕೊಳ್ಳೋದು ಊಟದ ಸಾಲಿನಲ್ಲಿ ಅಂತ ನಮ್ಮೂರಲ್ಲಿ ಯಾರಿಗೂ ವಿವರಿಸಬೇಕಿಲ್ಲ. ಸತ್ಯವೇದದಲ್ಲೂ ಹಾಗೇ. ಅಂತಿಯೋಕ್ಯದಲ್ಲಿ ಪೇತ್ರ ಯೆಹೂದ್ಯರಲ್ಲದವರ ಜೊತೆ ಕೂತು ಊಟ ಮಾಡ್ತಿದ್ದ. ಯೆರೂಸಲೇಮಿನ ಕಡೆಯವರು ಬಂದ ಕೂಡಲೇ ಪಂಕ್ತಿಯಿಂದ ಹಿಂದೆ ಸರಿದ. ಪೌಲ ಎಲ್ಲರ ಎದುರೇ ಅವನನ್ನ ತರಾಟೆಗೆ ತಗೊಂಡ. ಗಲಾತ್ಯರ ಪತ್ರದ ಎರಡನೇ ಅಧ್ಯಾಯದಲ್ಲಿ ಇದು ಇದೆ. ಕೊರಿಂಥದಲ್ಲೂ ಇದೇ ಕಥೆ. ಉಳ್ಳವರು ಮೊದಲೇ ಉಂಡು ಮುಗಿಸ್ತಿದ್ದರು, ಬಡವರು ಹಸಿದು ಕೂರ್ತಿದ್ದರು. ಅದು ಪ್ರಭುವಿನ ಭೋಜನವೇ ಅಲ್ಲ ಅನ್ನೋದು ಪೌಲನ ನಿಲುವು. ಪೂಜೆ ಸರಿಯಾಗಿ ನಡೆದರೂ ಪಂಕ್ತಿ ಸರಿಯಿಲ್ಲದಿದ್ದರೆ ಪೂಜೆಯೇ ಕೆಟ್ಟ ಹಾಗೆ.

ಇತಿಹಾಸದಲ್ಲೂ ಇದೇ ಜಗಳ. 1850ರಲ್ಲಿ ಮದ್ರಾಸಿನ ಪ್ರೊಟೆಸ್ಟೆಂಟ್ ಮಿಷನರಿಗಳ ಸಮ್ಮೇಳನ ಒಂದು ನಿರ್ಣಯಕ್ಕೆ ಬಂತು. ಅಸ್ಪೃಶ್ಯರು ಮಾಡಿದ ಅಡುಗೆಯನ್ನ ಉಣ್ಣೋಕೆ ಒಪ್ಪದವರಿಗೆ ದೀಕ್ಷಾಸ್ನಾನ ಕೊಡಬಾರದು ಅಂತ. ಲೈಪ್‌ಝಿಗ್‌ನ ಲೂಥರನ್ ಮಿಷನ್ ಇದಕ್ಕೆ ಒಪ್ಪಲಿಲ್ಲ. ಜಾತಿ ಸಾಮಾಜಿಕ ಪದ್ಧತಿ, ಅದಾಗೇ ಹೋಗುತ್ತೆ, ಒತ್ತಾಯ ಬೇಡ ಅನ್ನೋದು ಅವರ ವಾದ. ಅದಾಗೇ ಹೋಗಲಿಲ್ಲ ಅನ್ನೋದನ್ನ ಈಗ ನಾವು ನೋಡ್ತಿದ್ದೀವಿ.

ತಮಿಳುನಾಡಿನ ತಿರುಚಿರಾಪಳ್ಳಿಯ ಮೇಲಪುದೂರಿನ ಕ್ರೈಸ್ತ ಸ್ಮಶಾನದಲ್ಲಿ ದಲಿತರ ಸಮಾಧಿಗಳನ್ನ ಬೇರೆ ಮಾಡೋಕೆ ಗೋಡೆಯನ್ನೇ ಕಟ್ಟಿದ್ದರು. ಎರೈಯೂರಿನಲ್ಲಿ ದಲಿತ ಕಥೊಲಿಕರು ತಮಗೆ ಪ್ರತ್ಯೇಕ ಧರ್ಮಕೇಂದ್ರ ಬೇಕು ಅಂತ ಕೇಳಿದ್ದಕ್ಕೆ 2008ರಲ್ಲಿ ಗಲಭೆ ಆಯಿತು, ಪೊಲೀಸ್ ಗುಂಡಿಗೆ ಇಬ್ಬರು ಸತ್ತರು. ಇದು ತಮಿಳುನಾಡಿನ ಕಥೆ ಮಾತ್ರ ಅಂತ ನಾವು ಸುಮ್ಮನಿರೋ ಹಾಗಿಲ್ಲ. ಮಂಗಳೂರಿನ ಕೊಂಕಣಿ ಕಥೊಲಿಕರಲ್ಲಿ ಬಾಮೊಣ್, ಚರೊಡಿ, ಶುದಿರ್ ಅನ್ನೋ ವಿಂಗಡಣೆ ಗೋವಾದಿಂದ ಬಂದು ಶತಮಾನಗಳಾದರೂ ಹೆಸರು ಅಳಿದಿಲ್ಲ.

ಬೆಂಗಳೂರಿನಿಂದ ಎದ್ದ ದನಿ

ಈ ಚರ್ಚೆಯ ಒಂದು ದೊಡ್ಡ ತಿರುವು ನಮ್ಮ ಬೆಂಗಳೂರಿನಲ್ಲೇ ಆಯಿತು. ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ಪಿ. ನಿರ್ಮಲ್ ಒಂದು ಉಪನ್ಯಾಸ ಕೊಟ್ಟರು. ಭಾರತದ ಕ್ರೈಸ್ತ ಚಿಂತಕರು ಅಲ್ಲಿವರೆಗೆ ವೇದಾಂತದ ಜೊತೆ, ಅದ್ವೈತದ ಜೊತೆ ಮಾತಾಡ್ತಾ ಬಂದಿದ್ದರು. ನಿರ್ಮಲ್ ಅವರ ಆಕ್ಷೇಪ ಸರಳ. ಈ ದೇಶದ ಕ್ರೈಸ್ತರಲ್ಲಿ ಬಹುಪಾಲು ದಲಿತರು, ಅವರ ನೋವು ಈ ದೇವಶಾಸ್ತ್ರದಲ್ಲಿ ಎಲ್ಲಿದೆ? ದಲಿತ ದೇವಶಾಸ್ತ್ರ ಅಂತ ಮುಂದೆ ಹೆಸರಾದ ಚಿಂತನೆಗೆ ಇದೊಂದು ಆರಂಭ. ಯೇಸುವನ್ನೇ ದಲಿತನಾಗಿ ನೋಡಬೇಕು, ಪಂಕ್ತಿಯಿಂದ ಹೊರಗಿಟ್ಟವರ ಜೊತೆ ಉಂಡವನು ಆತ ಅಂತ ಅವರು ವಾದಿಸಿದರು.

ಇದರ ಪರಿಣಾಮ ನಿಧಾನವಾಗಿ ಸಂಸ್ಥೆಗಳಿಗೂ ಬಂತು. ಭಾರತೀಯ ಕಥೊಲಿಕ ಧರ್ಮಾಧ್ಯಕ್ಷರ ಮಂಡಳಿ 2016ರ ಡಿಸೆಂಬರ್‌ನಲ್ಲಿ ದಲಿತ ಸಬಲೀಕರಣ ನೀತಿ ಹೊರತಂದಿತು. ಚರ್ಚಿನೊಳಗೇ ಅಸ್ಪೃಶ್ಯತೆ ಇದೆ, ಮೇಲಿನ ಹುದ್ದೆಗಳಲ್ಲಿ ದಲಿತರು ತೀರಾ ಕಡಿಮೆ ಅಂತ ಅದರಲ್ಲಿ ಒಪ್ಕೊಂಡರು. 2022ರಲ್ಲಿ ಹೈದರಾಬಾದಿನ ಆರ್ಚ್‌ಬಿಷಪ್ ಆಂಥೋನಿ ಪೂಲಾ ಕಾರ್ಡಿನಲ್ ಆದರು, ಮೊದಲ ದಲಿತ ಕಾರ್ಡಿನಲ್. ದಕ್ಷಿಣ ಭಾರತ ಸಭೆ, ಅಂದ್ರೆ ಸಿಎಸ್‌ಐ, ಶುರುವಾಗಿದ್ದು 1947ರಲ್ಲಿ. ಅದರ ಮೊದಲ ಮಹಿಳಾ ಬಿಷಪ್ ಪುಷ್ಪಲಲಿತಾ ಬಂದಿದ್ದು 2013ರಲ್ಲಿ. ಬಾಗಿಲು ತೆರೆಯುತ್ತೆ, ಆದರೆ ಎಷ್ಟು ವರ್ಷ ತಗೊಳ್ಳುತ್ತೆ ನೋಡಿ.

ಹಾಗಾದ್ರೆ ಏನು ಮಾಡೋದು?

ನಾನು ಬಿ.ಕಾಂ. ಓದಿದವನು, ಹಾಗಾಗಿ ನನಗೆ ಲೆಕ್ಕದ ಭಾಷೆ ಬೇಗ ಅರ್ಥ ಆಗುತ್ತೆ. ಕಾಣಿಕೆ ಎಷ್ಟು ಬಂತು, ಸುಣ್ಣ ಬಣ್ಣಕ್ಕೆ ಎಷ್ಟು ಹೋಯಿತು ಅಂತ ಸಭೆಗಳು ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸ್ತವೆ. ಇನ್ನೊಂದು ಲೆಕ್ಕವನ್ನೂ ಅದೇ ದಿನ ಒಪ್ಪಿಸಬಹುದು. ಕಮಿಟಿಯಲ್ಲಿ ದಲಿತರು ಎಷ್ಟು ಜನ, ಅವರಲ್ಲಿ ಹೆಂಗಸರು ಎಷ್ಟು? ಚರ್ಚಿನ ಶಾಲೆಯಲ್ಲಿ ಪಾಠ ಮಾಡೋರು ಯಾರು, ಕಸ ಗುಡಿಸೋರು ಯಾರು? ಕಾಲೇಜಿನ ಅಲ್ಪಸಂಖ್ಯಾತರ ಕೋಟಾದ ಸೀಟು ಯಾವ ಮನೆಯ ಮಕ್ಕಳಿಗೆ ಹೋಯಿತು? ಇದಕ್ಕೆಲ್ಲ ಸರ್ಕಾರದ ಆದೇಶ, ಕೋರ್ಟಿನ ತೀರ್ಪು ಯಾವುದೂ ಬೇಕಿಲ್ಲ.

ಒಂದು ಆಕ್ಷೇಪ ಬರುತ್ತೆ, ಅದೂ ನ್ಯಾಯವಾದದ್ದೇ. ಹೀಗೆ ಜಾತಿ ಎಣಿಸಿದರೆ ಸತ್ತ ಜಾತಿಗೆ ಚರ್ಚಿನಲ್ಲಿ ಮತ್ತೆ ಜೀವ ಕೊಟ್ಟ ಹಾಗಲ್ವಾ? ಸತ್ತಿದ್ದರೆ ಎಣಿಸಿದಾಗ ಅದೇ ಗೊತ್ತಾಗುತ್ತೆ, ಆಗ ಎಲ್ಲರೂ ಸಂತೋಷ ಪಡೋಣ. ಬದುಕಿದ್ದರೆ, ಎಣಿಸದೆ ಬಿಟ್ಟಿದ್ದು ಯಾರಿಗೆ ಲಾಭ ಆಯಿತು ಅನ್ನೋದು ಗೊತ್ತಾಗುತ್ತೆ. ದಾಖಲೆ ಇಲ್ಲದ ನೋವನ್ನ ಕೋರ್ಟು ನೋವು ಅಂತ ಪರಿಗಣಿಸಲ್ಲ ಅನ್ನೋದನ್ನ 1985ರಲ್ಲೇ ನೋಡಿದ್ದೀವಿ.

ನವೆಂಬರ್‌ನ ಎರಡನೇ ಭಾನುವಾರ ದೇಶದ ಹಲವು ಚರ್ಚುಗಳು ದಲಿತ ವಿಮೋಚನಾ ಭಾನುವಾರ ಅಂತ ಆಚರಿಸ್ತವೆ. ನಿಮ್ಮ ಸಭೆಯಲ್ಲಿ ಅದು ಇದೆಯಾ ಅಂತ ಫಾದರ್ ಅವರನ್ನೋ ಅಯ್ಯನವರನ್ನೋ ಒಮ್ಮೆ ಕೇಳಿ. ಇಲ್ಲ ಅಂದ್ರೆ ಯಾಕೆ ಇಲ್ಲ ಅಂತಲೂ ಕೇಳಿ. ಉತ್ತರ ಬಂದರೆ ನನಗೂ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.